ಕುಂಬಾರ ಹುಳಕ್ಕೊಂದು ಜಾಗ

ಹಿತ್ತಲಲ್ಲಿ ಹುಳಗಳಿಗೆ ಮನೆ ಮಾಡಿಡುವುದನ್ನು ನಾನು ಮೊದಲು ನೋಡಿದ್ದು ನಮ್ಮವ್ವನ ಕೈಯಲ್ಲಿ. ಹುಳದ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಜೀವಭಯಕ್ಕೆ ಮಾಡುತ್ತಿದ್ದಳು. ಮಕ್ಕಳೇ, ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಬಸಿರು, ಹೆರಿಗೆ ಎಂಬ ಮಾತುಗಳನ್ನು ನಾವು ಗಂಡಸರ ಎದುರು, ಸಣ್ಣವರ ಎದುರು ಆಡಿ ಬೆಳೆದವರಲ್ಲ. ನಿಮ್ಮ ತಾತ ಇರುವವರೆಗೂ ಅವರಿಗೆ ಕೂಡ ಇದನ್ನು ಪೂರ್ತಿಯಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಈಗ ಉಪಯೋಗಕ್ಕೆ ಬರುತ್ತಿದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ.

ನಮ್ಮ ಊರು ಹಿರಿಯೂರಿನ ಆಚೆ, ಮಾರಿಕಣಿವೆಯ ನೀರು ಹರಿಯುವ ಚಾನಲ್ಲಿನ ಪಕ್ಕದಲ್ಲಿತ್ತು. ಮನೆಗೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ನಡುಮನೆ, ನಡುಮನೆಯ ಎರಡು ಕಡೆ ಎರಡು ಕತ್ತಲೆ ಕೋಣೆ. ಎಡಗಡೆಯದು ಅಪ್ಪ ಅವ್ವಂದು, ಬಲಗಡೆಯದು ಚಿಕ್ಕಪ್ಪ ಚಿಕ್ಕವ್ವಂದು. ಹಿಂದೆ ಅಡಿಗೆಮನೆ, ಬಚ್ಚಲು, ಅದರಾಚೆ ಹಿತ್ತಲು. ಅಪ್ಪ ಚಾನಲ್ಲಿನ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಎಂದು ಸರದಿ ನೋಡಿ ತೂಬು ಎತ್ತುವುದು ಅವನ ಕೆಲಸ. ಊರಿನ ನೀರಿನ ಜಗಳವನ್ನೆಲ್ಲ ಹೊರಗೆ ಬಿಡಿಸಿ ಬರುತ್ತಿದ್ದವನು ಮನೆಯೊಳಗೆ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದದ್ದು ಅಪ್ಪನ ತಾಯಿಯ, ಅಂದರೆ ನಮ್ಮಜ್ಜಿಯ ಮಾತು. ರಾಗಿ ಎಷ್ಟು ಬೀಸಬೇಕು, ಯಾರು ಮೊದಲು ಉಣ್ಣಬೇಕು, ಯಾವ ಸೊಸೆ ಯಾವ ವಾರ ತಲೆಗೆ ನೀರು ಹಾಕಿಕೊಳ್ಳಬೇಕು ಎಂಬುದನ್ನೆಲ್ಲ ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕುಳಿತೇ ಹೇಳುತ್ತಿದ್ದಳು.

ಮಣ್ಣಿನ ಮನೆಗೆ ಕುಂಬಾರ ಹುಳ ಬಾರದೆ ಇರುವುದಿಲ್ಲ. ನೀವು ನೋಡಿರಬಹುದು, ದಾರದಂಥ ಸಣ್ಣ ಸೊಂಟದ ಕಣಜ. ಬಚ್ಚಲ ನೀರು ಹರಿಯುವ ಕಡೆಯಿಂದ ಹಸಿಮಣ್ಣನ್ನು ಉಂಡೆ ಮಾಡಿ ತಂದು, ಗೋಡೆಯ ಮೂಲೆಯಲ್ಲಿ ಗುಂಯ್ ಎನ್ನುತ್ತ ಪುಟ್ಟ ಗಡಿಗೆ ಕಟ್ಟುತ್ತದೆ. ಒಂದು ಹಸಿರು ಹುಳುವನ್ನು ಹಿಡಿದು ತಂದು ಒಳಗಿಟ್ಟು ಬಾಯಿ ಮುಚ್ಚುತ್ತದೆ. ಒಳಗಿನ ಹುಳು ಗುಂಯ್‌ಗುಡುವುದನ್ನು ಕೇಳಿ ಕೇಳಿ ತಾನೂ ಕುಂಬಾರ ಹುಳವೇ ಆಗಿ ಹೊರಗೆ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಸೊಸೆಯರನ್ನು ಮನೆಗೆ ಒಗ್ಗಿಸುವುದೂ ಹಾಗೆಯೇ ಎಂದು ಸೇರಿಸುತ್ತಿದ್ದಳು. ಅವಳು ಇನ್ನೂ ಒಂದನ್ನು ನಂಬಿದ್ದಳು. ಯಾವ ಹೆಂಗಸಿನ ಕೋಣೆಯಲ್ಲಿ ಈ ಹುಳ ಗೂಡು ಕಟ್ಟುತ್ತದೋ ಅವಳು ಬಸುರಿಯಾಗುತ್ತಾಳೆ. ಕಪ್ಪು ಎರೆಮಣ್ಣಿನ ಗೂಡಾದರೆ ಗಂಡು, ಕೆಮ್ಮಣ್ಣಿನದಾದರೆ ಹೆಣ್ಣು. ನಾನು ಹುಟ್ಟುವ ಮೊದಲು ಬಾಗಿಲ ಮೇಲೆ ಕೆಂಪು ಗೂಡು ಇತ್ತಂತೆ. ಸಿಟ್ಟು ಬಂದಾಗ ಅಜ್ಜಿ ನನ್ನನ್ನು ಕೆಮ್ಮಣ್ಣೋಳೇ ಎಂದೇ ಕರೆಯುತ್ತಿದ್ದಳು. ಕಟ್ಟಿದ ಗೂಡನ್ನು ಯಾರೂ ಒಡೆಯುವಂತಿರಲಿಲ್ಲ. ಒಡೆದರೆ ಹೊಟ್ಟೆಯಲ್ಲಿರುವ ಕೂಸೂ ನಿಲ್ಲುವುದಿಲ್ಲ, ತಾಯಿಯೂ ನಿಲ್ಲುವುದಿಲ್ಲ ಎಂಬ ಭಯ ಅವ್ವನಿಗೂ ಇತ್ತು.

ನನ್ನ ಹಿಂದೆ ಇಬ್ಬರು ತಮ್ಮಂದಿರು. ಅವರ ನಂತರದ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಅವ್ವ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದಳು. ಇನ್ನೊಂದು ಹೆರಿಗೆಯನ್ನು ಈ ಮೈ ತಡೆಯುವುದಿಲ್ಲ, ಆಪರೇಷನ್ ಮಾಡಿಸಿಬಿಡಿ ಎಂದು ಹಿರಿಯೂರಿನ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಆ ಮಾತನ್ನು ಅಪ್ಪ ಮನೆಗೆ ತಂದಾಗ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಹೊಟ್ಟೆ ಕೊಯ್ಸ್ಕಂಡು ಬಂದೋಳ ಕೈಯಾಗಿನ ಮುದ್ದೆ ನಾ ಉಣ್ಣಲ್ಲ ಕಣಪ್ಪ. ಆಮ್ಯಾಕೆ ನಿನ್ನಿಷ್ಟ."

ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಚಾನಲ್ಲಿನ ಕಡೆ ಹೋದ. ಆ ವಿಷಯ ಅಲ್ಲಿಗೇ ನಿಂತಿತು. ಅವ್ವನ ಕೈಯಲ್ಲಿ ಉಳಿದದ್ದು ಹುಳವನ್ನು ತನ್ನ ಕೋಣೆಗೆ ಬಾರದಂತೆ ನೋಡಿಕೊಳ್ಳುವುದು ಮಾತ್ರ. ಕಟ್ಟಿದ ಮೇಲೆ ಒಡೆಯಬಾರದು, ಆದರೆ ಕಟ್ಟುವ ಮೊದಲೇ ಬೇರೆ ಕಡೆ ಒಳ್ಳೆಯ ಜಾಗ ತೋರಿಸಿದರೆ ತಪ್ಪಿಲ್ಲ ಎಂದು ಅವಳು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಳು. ಹಿತ್ತಲ ಗೂಡು ಯಾವ ಹೆಂಗಸಿನ ಪಾಲಿಗೂ ಬರುವುದಿಲ್ಲ.

ಮೊದಲು ಅವಳು ನುಗ್ಗೆ ಮರಕ್ಕೆ ಒಡಕು ಮಡಿಕೆಗಳನ್ನು ತೂಗಿಹಾಕಿದಳು. ಗಾಳಿಗೆ ಅವು ಅಲ್ಲಾಡುತ್ತಿದ್ದವು. ಹುಳ ಬಂದು ಸುತ್ತಿ ನೋಡಿ ಹೋಗುತ್ತಿತ್ತು. ತೂಗಾಡುವ ಕಡೆ ಅದು ಮನೆ ಕಟ್ಟುವುದಿಲ್ಲ ಎಂಬುದು ಹಾಗೆ ತಿಳಿಯಿತು. ಆಮೇಲೆ ಬೇವಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಮಣ್ಣಿನ ಮೋಟುಗೋಡೆ ಎಬ್ಬಿಸಿ, ಮಳೆ ಬೀಳದಂತೆ ಮೇಲೆ ತೆಂಗಿನ ಗರಿ ಹೊದಿಸಿದಳು. ಒಡೆದ ಹರವಿಯ ಅರ್ಧ ಹೋಳನ್ನು ಅದಕ್ಕೆ ಒರಗಿಸಿ, ಬಾಯಿ ಮೂಡಣಕ್ಕೆ ಬರುವಂತೆ ಅಲುಗಾಡದ ಹಾಗೆ ಕೂರಿಸಿದಳು. ಪಡುವಣಕ್ಕೆ ಇಟ್ಟರೆ ಸಂಜೆ ಬಿಸಿಲಿಗೆ ಮಡಿಕೆ ಕಾದು ಒಳಗಿನ ಮರಿ ಸಾಯುತ್ತದೆ. ಒಳಮೈಯನ್ನು ನುಣ್ಣಗೆ ಬಿಡದೆ ತೆಂಗಿನ ಚಿಪ್ಪಿನಿಂದ ಗೀರಿ ಒರಟು ಮಾಡುತ್ತಿದ್ದಳು, ಮಣ್ಣು ಹಿಡಿಯಲೆಂದು. ಒಣಗಿದ ಹರಳು ಗಿಡದ ಟೊಳ್ಳು ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಕತ್ತಾಳೆ ನಾರಿನಿಂದ ಕಟ್ಟು ಕಟ್ಟಿ ಗೋಡೆಯ ಮೇಲೆ ಮಲಗಿಸಿದಳು. ಅದು ಕುಂಬಾರ ಹುಳಕ್ಕಲ್ಲ. ಬೇರೆ ಸಣ್ಣ ಹುಳಗಳು ಬಂದು ಹೋಗಿ ಮಾಡಿದರೆ ಇದೂ ಧೈರ್ಯ ಮಾಡಿ ಬರುತ್ತದೆ ಎಂದು ಅವಳ ಊಹೆ. ಹಾಗೇ ಆಯಿತು. ಎಲೆಚೂರು ಕಚ್ಚಿಕೊಂಡು ಬರುವ ಹುಳಗಳು ಕಡ್ಡಿ ತುಂಬಿದವು, ಬಿದಿರಿನ ತುಂಡಿಗೆ ಕರಿ ದುಂಬಿ ಬಂತು, ಕೊನೆಗೆ ಹರವಿಯೊಳಗೆ ಕುಂಬಾರ ಹುಳದ ಮೊದಲ ಗಡಿಗೆ ಎದ್ದಿತು. ಇರುವೆ ಹತ್ತದಂತೆ ಸುತ್ತ ಒಲೆಬೂದಿ ಹಾಕುವುದು ನನ್ನ ಕೆಲಸ.

ಅಜ್ಜಿ ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು.

"ಏನೇ ಅದು, ಸಂದಿಗೊಂದು ಮಡಿಕೆ ಇಟ್ಟೀಯ?"

"ದೃಷ್ಟಿಗೆ ಅತ್ತೆ. ಹೀರೆ ಬಳ್ಳಿ ಸೊರಗ್ತಾ ಐತೆ."

"ಹೀರೆಕಾಯಿಗೆ ಯಾರ ದೃಷ್ಟಿ ಆಗ್ತೈತೆ? ನಿನ್ನ ಮಕ ನೋಡ್ಕ, ಅದಕ್ಕೆ ತೆಗಿ ದೃಷ್ಟಿಯ."

ಇದನ್ನೆಲ್ಲ ಅಡಿಗೆಮನೆಯಿಂದ ನೋಡುತ್ತಿದ್ದವಳು ಚಿಕ್ಕವ್ವ, ಹನುಮಕ್ಕ. ಭೀಮಸಮುದ್ರದ ಕಡೆಯಿಂದ ಬಂದ ಸೊಸೆ. ಬಂದು ಎಷ್ಟೋ ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ಎತ್ತರದ ಹೆಂಗಸು, ಜೋರಾಗಿ ನಗುತ್ತಿದ್ದಳು. ನನ್ನ ತಲೆ ಬಾಚುವಾಗ ಸಿಕ್ಕು ಬಿಡಿಸುವ ನೋವು ಗೊತ್ತಾಗದಂತೆ ಏನಾದರೂ ಹೇಳಿ ನಗಿಸುತ್ತಿದ್ದಳು. ಆ ವರ್ಷ ಅವಳ ನಗು ಕಡಿಮೆಯಾಗುತ್ತ ಬಂತು. ಗಂಡಸರು ಉಣ್ಣಲು ಕುಳಿತಾಗಲೇ ಅಜ್ಜಿ ಮಾತು ತೆಗೆಯುತ್ತಿದ್ದಳು.

"ಯಲ್ಲದಕೆರೆಯಾಗೆ ನಮ್ಮಣ್ಣನ ಮೊಮ್ಮಗಳು ಅವ್ಳೆ. ಮನೆತನ ಗೊತ್ತಿರೋದೇ."

ಚಿಕ್ಕಪ್ಪ ಮುದ್ದೆ ಮುರಿಯುತ್ತ ತಲೆ ಎತ್ತದೆ ಹೇಳಿದ.

"ಈಗ್ಯಾಕವ್ವ ಅದು?"

"ಇನ್ಯಾವಾಗ, ನನ್ನ ಮಣ್ಣು ಮಾಡಿದ ಮ್ಯಾಕಾ? ಯುಗಾದಿವರ್ಗೂ ನೋಡ್ತೀನಿ. ಲೇ ಹನುಮಿ, ನಿಂತ್ಕಂಡು ಏನು ಕೇಳ್ತೀಯ, ಸಾರು ಇಕ್ಕು."

ಚಿಕ್ಕವ್ವ ಸಾರು ಬಡಿಸಿದಳು. ಹುರುಳಿ ಸಾರು.

ಒಂದು ಬೆಳಿಗ್ಗೆ ಅವ್ವ ಹಿತ್ತಲಿಗೆ ಹೋದಾಗ ಬಚ್ಚಲ ಹೊಂಡದ ಹಸಿಮಣ್ಣಿನ ಮೇಲೆ ಚಪ್ಪಡಿ ಎಳೆದು ಮುಚ್ಚಲಾಗಿತ್ತು. ಹುಳ ಮಣ್ಣಿಲ್ಲದೆ ಸುತ್ತುತ್ತಿತ್ತು. ನಾವು ಮನೆಯ ಬಲಮಗ್ಗುಲಿಗೆ ಬಂದು ನೋಡಿದರೆ, ಚಿಕ್ಕವ್ವ ಮಂಕರಿಯಲ್ಲಿ ಹಸಿಮಣ್ಣು ಹೊತ್ತು ತಂದು ತನ್ನ ಕೋಣೆಯ ಕಿಟಕಿಯ ಕೆಳಗೆ ಸುರಿಯುತ್ತಿದ್ದಳು.

"ಏನೇ ಇದು?"

"ಹುಳಕ್ಕೆ ಅಕ್ಕ."

"ಅದನ್ನ ಮನೆಯಿಂದ ಆಚೆ ಇಡಾಕೆ ನಾ ಒದ್ದಾಡ್ತಾ ಇದೀನಿ. ನೀ ಒಳಗೆ ಕರೀತೀಯಾ? ದಾರಿ ತಪ್ಪಿ ನನ್ನ ಕೋಣೆಗೆ ಬಂದ್ರೆ?"

"ನಿಂಗೆ ಮೂರು ಅವೆ, ನೀ ಬ್ಯಾಡ ಅಂತೀಯ. ನಂಗೆ ಒಂದೂ ಇಲ್ಲ. ನಾ ಬಾ ಅಂದ್ರೆ ತಪ್ಪಾ?"

"ನಾ ಸತ್ರೆ ಆ ಮೂರನ್ನ ಯಾರೇ ನೋಡ್ತಾರೆ?"

"ನಾನಿರ್ತೀನಲ್ಲ."

"ನೀನೆಲ್ಲಿರ್ತೀಯ? ಯುಗಾದಿಗೆ ನಿನ್ನ ಗಂಟು ಕಟ್ಟಿಸ್ತಾಳೆ ಅತ್ತೆ."

ಆಡಿದ ಮೇಲೆ ಆ ಮಾತನ್ನು ಅವ್ವನಿಗೇ ತಡೆಯಲಾಗಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟಳು. ಚಿಕ್ಕವ್ವ ಮಂಕರಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಆಮೇಲೆ ಅವಳೇ ನಕ್ಕಳು.

"ಚೆನ್ನಾಗೈತೆ ಕಣಕ್ಕ ನಮ್ಮ ಬಾಳು. ಒಬ್ಳು ಹುಳ ಬಂತು ಅಂತ ಸಾಯ್ತಾಳೆ, ಒಬ್ಳು ಬರ್ಲಿಲ್ಲ ಅಂತ ಸಾಯ್ತಾಳೆ. ಅದಕ್ಕೇನಾದ್ರೂ ಗೊತ್ತಾದ್ರೆ ಈ ಮನೆ ಕಡೆ ತಲೆ ಹಾಕಲ್ಲ."

ಅವತ್ತು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಅವ್ವ ತಾನೇ ಚಿಕ್ಕವ್ವನ ಕೋಣೆಗೆ ಹೋಗಿ ಸುತ್ತ ನೋಡಿದಳು. ಕಿಟಕಿಯ ಮೇಲಾದರೆ ಗಾಳಿ ಬಡಿಯುತ್ತದೆ, ಜಂತೆಯ ಸಂದಿಯಲ್ಲಿ ಹಲ್ಲಿ ಕಾಟ. ಕಿಟಕಿಯಿಂದ ನೇರಕ್ಕಿದ್ದ ದೀಪದ ಗೂಡೇ ಸರಿ ಎಂದಳು. ನಮ್ಮ ಕಡೆ ಗೋಡೆಯಲ್ಲಿ ದೀಪ ಇಡುವ ಪುಟ್ಟ ಮಾಡಕ್ಕೂ ಗೂಡು ಎಂದೇ ಹೆಸರು. ದೀಪ ಬೇರೆ ಕಡೆ ಇಟ್ಟು, ಎಣ್ಣೆ ಜಿಡ್ಡು ಕೆರೆದು, ಒಳಗೆ ಹೊಸ ಮಣ್ಣು ಮೆತ್ತಿ ಬೆರಳಿನಿಂದ ಒರಟು ಮಾಡಿದಳು. ಹೊಲದ ಬದುವಿನಿಂದ ಎರೆಮಣ್ಣು ತರಿಸಿ ಕಿಟಕಿಯ ಕೆಳಗೆ ಹಾಕಿ ದಿನಾ ನೀರು ಚಿಮುಕಿಸಲು ನನಗೆ ಹೇಳಿದಳು. ಗಂಡು ಮಗುವೇ ಆಗಲಿ ಎಂದು. ತನ್ನ ಕೋಣೆಯ ಬಿರುಕುಗಳನ್ನೆಲ್ಲ ಸಗಣಿ ಸಾರಿಸಿ ಮುಚ್ಚಿ, ಬೆಳಿಗ್ಗೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಆಮೇಲೆ ಚಿಕ್ಕವ್ವನ ಹಣೆಗೆ ಕುಂಕುಮ ಹಚ್ಚಿ ಹೇಳಿದಳು.

"ನನ್ನ ಪಾಲಿಂದೂ ನಿಂಗೇ ಇರ್ಲಿ, ತಗ."

ಹುಳ ಬಂತು. ದೀಪದ ಗೂಡಿನೊಳಗೆ ಕರಿಮಣ್ಣಿನ ಗಡಿಗೆ ಕಟ್ಟಿತು. ಚಿಕ್ಕಪ್ಪ ಬಾಗಿಲಿಗೆ ಬಂದು ಬಗ್ಗಿ ನೋಡಿ, "ಗೂಡಿಗೇ ಗೂಡು ಆತಲ್ಲೇ" ಎಂದ. ಅವನು ಹೆಂಡತಿಯ ಜೊತೆ ಎಲ್ಲರೆದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಗೂಡಿಗೆ ಅರಿಶಿನ ಕುಂಕುಮ ಇಟ್ಟು, ಈಗಲೇ ಏನೂ ಬೇಡ ಎಂದು ಯಲ್ಲದಕೆರೆಗೆ ಹೇಳಿ ಕಳಿಸಿದಳು. ಮುದ್ದೆಯ ಮೇಲೆ ಚಿಕ್ಕವ್ವನಿಗೆ ತುಪ್ಪ ಬೀಳತೊಡಗಿತು. ಅವಳು ಅದರಲ್ಲಿ ಅರ್ಧವನ್ನು ನಮ್ಮ ತಟ್ಟೆಗಳಿಗೆ ಸವರುತ್ತಿದ್ದಳು.

ಹುಳ ಎಲ್ಲಿ ಕಟ್ಟಿದರೂ ಅಪ್ಪ ತೂಬು ಇಳಿಸಿ ಮನೆಗೆ ಬಂದೇ ಬರುತ್ತಿದ್ದ ಎಂಬುದನ್ನು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಇದಕ್ಕಿಂತ ಬಿಡಿಸಿ ಬರೆಯಲಾರೆ. ಚಳಿ ಕಳೆಯುವ ಹೊತ್ತಿಗೆ ಅವ್ವ ಸೀರೆಯನ್ನು ಮೇಲಕ್ಕೆ, ಸಡಿಲವಾಗಿ ಉಡುತ್ತಿದ್ದಳು. ಕೆಲಸ ಮೊದಲಿಗಿಂತ ಜಾಸ್ತಿ ಮಾಡುತ್ತಿದ್ದಳು. ತುಂಬಿದ ಕೊಡ ಹೊತ್ತು ಬಂದವಳು ಹಿತ್ತಲ ಮೋಟುಗೋಡೆಯ ಹತ್ತಿರ ಹೋಗಿ, ಹುಳ ನೋಡುವ ನೆಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಅಜ್ಜಿಯ ಕಣ್ಣೆಲ್ಲ ಕಿರಿಸೊಸೆಯ ಮೇಲಿತ್ತು. ಚಾನಲ್ಲಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಚಿಕ್ಕವ್ವನಿಗೆ ಗೊತ್ತಾಯಿತು. ನಾನು ತಮ್ಮಂದಿರ ಚಡ್ಡಿ ಹಿಂಡುತ್ತ ಅಲ್ಲೇ ಇದ್ದೆ.

"ಅಕ್ಕ, ಎಷ್ಟು ತಿಂಗಳಾತು?"

"ಏನು?"

"ನನ್ನ ಹತ್ರ ಮುಚ್ಚಬ್ಯಾಡ. ಕಾಲು ನೋಡ್ಕ, ಹೆಂಗೆ ಊದವೆ. ಹಿರಿಯೂರಿಗೆ ಹೋಗಾಣ, ಡಾಕ್ಟರಮ್ಮಗೆ ತೋರ್ಸಾಣ."

"ಹೋದ್ರೆ ಮನೇಲಿ ಗೊತ್ತಾಗ್ತೈತೆ. ಗೊತ್ತಾದ್ರೆ ಆ ಗೂಡು ನಂದು ಅಂತಾರೆ. ನಿನ್ನ ಗತಿ ಏನು?"

"ಅದಕ್ಕೆ ನೀ ಸಾಯ್ತೀಯಾ?"

"ಯುಗಾದಿ ಒಂದು ಕಳೀಲಿ. ಅಷ್ಟ್ರಾಗೆ ನಿಂಗೂ ಆಗ್ಬೋದು."

ಚಿಕ್ಕವ್ವ ಅವ್ವನ ಕೈಯಿಂದ ನೆನೆದ ಕಂಬಳಿ ಕಿತ್ತುಕೊಂಡು ತಾನೇ ಒಗೆದಳು. ಮನೆಗೆ ಬಂದವಳು ಬಟ್ಟೆಯನ್ನೂ ಹರವದೆ, ನಡುಮನೆಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯ ಮುಂದೆ ಹೋಗಿ ನಿಂತಳು.

"ಅತ್ತೆ, ಆ ಗೂಡು ನಂದಲ್ಲ. ಅಕ್ಕಂದು. ಅಕ್ಕ ಬಸುರಿ."

ಮೊರ ಅಜ್ಜಿಯ ಕೈಯಲ್ಲೇ ನಿಂತಿತು.

"ಏನಂದೆ?"

"ಅವಳ ಕೋಣೆಗೆ ಹೋಗೋ ಹುಳನ ನಾನೇ ಈ ಕಡೆ ಎಳ್ಕಂಡೆ. ದೀಪದ ಗೂಡಿಗೆ ಮಣ್ಣು ಮೆತ್ತಿದ್ದು ನಾನು."

ನಾನು, "ಇಲ್ಲಜ್ಜಿ, ಅವ್ವನೇ ಮಾಡಿಕೊಟ್ಟಿದ್ದು" ಎಂದೆ. ಚಿಕ್ಕವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನೀ ಸುಮ್ನಿರು ಮಗ. ಸಣ್ಣೋಳಿಗೆ ಏನು ಗೊತ್ತಾಗ್ತೈತೆ."

"ಕಳ್ಳಿ," ಎಂದಳು ಅಜ್ಜಿ. "ಬಸುರಿ ಹೆಂಗ್ಸಿನ ಗೂಡು ಕದಿಯೋಳನ್ನ ಎಲ್ಲೂ ಕಂಡಿಲ್ಲ ನಾನು."

"ಹೂಂ ಅತ್ತೆ, ಕದ್ದೆ. ಈಗ ಗಾಡಿ ಕಟ್ಟಿಸ್ರಿ, ಅಕ್ಕನ್ನ ಹಿರಿಯೂರಿಗೆ ಕರ್ಕಂಡು ಹೋಗ್ರಿ. ಎರೆಮಣ್ಣಿನ ಗೂಡು ಅದು. ಗಂಡು ಮೊಮ್ಮಗನ್ನ ಕಳ್ಕಂತೀರಾ?"

ಅವ್ವನ ಜೀವಕ್ಕೆ ಏಳದಿದ್ದ ಅಜ್ಜಿ ಗಂಡು ಮೊಮ್ಮಗ ಎಂದಕೂಡಲೇ ಎದ್ದಳು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅವ್ವನನ್ನು ಹಾಗೇ ಗಾಡಿಯಲ್ಲಿ ಕೂರಿಸಿದರು. ಏನು ನಡೆಯಿತು ಎಂಬುದು ಅವಳಿಗೆ ತಿಳಿಯುವ ಮೊದಲೇ ಗಾಡಿ ಚಾನಲ್ಲಿನ ಏರಿ ದಾಟಿತ್ತು. ಹಿಂದಿನಿಂದ ಅಪ್ಪ ಸೈಕಲ್ಲು ತುಳಿದುಕೊಂಡು ಹೋದ. ಇನ್ನು ಕೆಲವು ದಿನ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬೈದರಂತೆ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿಗೆ ಉಸಿರಿರಲಿಲ್ಲ. ಅದು ಹೆಣ್ಣು. ಅಪ್ಪ ಯಾರನ್ನೂ ಕೇಳದೆ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದ. ಜೀವಮಾನದಲ್ಲಿ ಅವನು ತನ್ನ ಅವ್ವನ ಮಾತು ಮೀರಿದ್ದು ಅದೊಂದೇ ಸಲ. ಅವ್ವ ಉಳಿದಳು.

ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಚಿಕ್ಕವ್ವನ ತಲೆಗೆ ಕಟ್ಟಿದಳು. ಗೂಡು ಕದ್ದಿದ್ದಕ್ಕೇ ಗಂಡು ಹೋಗಿ ಹೆಣ್ಣಾಯಿತು, ಅದೂ ಸತ್ತು ಹುಟ್ಟಿತು ಎಂದಳು. ಅವ್ವ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಭೀಮಸಮುದ್ರದಿಂದ ಅವಳ ಅಣ್ಣನನ್ನು ಕರೆಸಿದರು. ಚಿಕ್ಕಪ್ಪ ಬೆಳಿಗ್ಗೆಯೇ ಗದ್ದೆಗೆ ಹೋಗಿದ್ದ. ಅವಳು ಹೊರಡುವ ಮೊದಲು ನಮಗೆ ಮುದ್ದೆ ಮಾಡಿಟ್ಟಳು, ನನ್ನ ತಲೆ ಬಾಚಿದಳು. ನಾನು ಅಳತೊಡಗಿದೆ. ಅವಳು ಈ ಸಲ ನಗಿಸಲು ಏನೂ ಹೇಳಲಿಲ್ಲ. ಬಸ್ಸಿನ ಕಡೆ ತಿರುಗಿದವಳು ನಿಂತು ಒಂದು ಮಾತು ಹೇಳಿ ಹೋದಳು.

"ಅವ್ವ ಬಂದಾಗ ನೀರು ಎತ್ತಾಕೆ ಬಿಡಬ್ಯಾಡ ಮಗ. ನೀನೇ ತಂದ್ಹಾಕು."

ಅವ್ವ ಬರುವಾಗ ಬಲಗಡೆ ಕೋಣೆಗೆ ಸುಣ್ಣ ಹೊಡೆದಾಗಿತ್ತು. ಯುಗಾದಿ ಕಳೆದ ಮೇಲೆ ಯಲ್ಲದಕೆರೆಯ ಹುಡುಗಿ ಆ ಕೋಣೆಗೆ ಬಂದಳು. ಪಾಪ, ಅವಳದೇನೂ ತಪ್ಪಿರಲಿಲ್ಲ, ಸಣ್ಣವಳು. ಅವ್ವ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಹಿತ್ತಲ ಹರವಿಯಲ್ಲಿ ಹುಳಗಳು ತಮ್ಮ ಪಾಡಿಗೆ ಕಟ್ಟುತ್ತಿದ್ದವು. ಇನ್ನು ಹೆದರಬೇಕಾಗಿರಲಿಲ್ಲ, ಆದರೂ ಅವ್ವ ಗರಿ ಬದಲಿಸುತ್ತಿದ್ದಳು.

ಮುಂದಿನ ಅಡಿಕೆ ಕೊಯ್ಲಿನ ಕಾಲಕ್ಕೆ ಅವ್ವ ಚಿತ್ರದುರ್ಗದ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ, ನನ್ನನ್ನು ಕರೆದುಕೊಂಡು ಹೊರಟಳು. ದುರ್ಗದಲ್ಲಿ ಇಳಿದವಳು ಆಸ್ಪತ್ರೆಯ ಕಡೆ ನೋಡದೆ ಭೀಮಸಮುದ್ರದ ಬಸ್ಸು ಹತ್ತಿದಳು. ಚಿಕ್ಕವ್ವನ ಅಣ್ಣನ ಮನೆ ಕೇಳಿಕೊಂಡು ಹೋದೆವು. ಬಾಗಿಲಿಗೆ ಬಂದ ಅತ್ತಿಗೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ಬೇಕಾಗಿತ್ತು?"

"ಹನುಮಕ್ಕ. ನಾನು ಅವಳ ವಾರಗಿತ್ತಿ."

"ಅಡಿಕೆ ಸುಲಿಯಾಕೆ ಹೋಗೈತೆ. ಬರ್ತೈತೆ, ಜಗಲಿ ಮ್ಯಾಲೆ ಕುಂತ್ಕಳ್ರಿ."

ಮಧ್ಯಾಹ್ನದ ಊಟದ ಹೊತ್ತಿಗೆ ಚಿಕ್ಕವ್ವ ಬಂದಳು. ಅಡಿಕೆಯ ಕಲೆಗೆ ಅವಳ ಬೆರಳುಗಳು ಕಪ್ಪಾಗಿದ್ದವು. ಅವ್ವನ ಹತ್ತಿರ ಬಂದು ಮೈ ಕೈ ಮುಟ್ಟಿ ನೋಡಿದಳು.

"ಬದುಕಿದೀಯಲ್ಲ ಬಿಡಕ್ಕ."

"ಹನುಮಿ, ಕದ್ದೆ ಅಂತ ನೀ ಯಾಕೆ ಒಪ್ಕಂಡೆ? ನಾ ಮನೇಲಿ ಇದ್ದಿದ್ರೆ..."

"ಉಣ್ಣು ಮೊದ್ಲು. ಬಸ್ಸಿಗೆ ಹೊತ್ತಾಗ್ತೈತೆ."

ಒಳಗೆ ಹೋದಳು. ಪಾತ್ರೆಯ ಸದ್ದಿನ ಜೊತೆಗೆ ಅತ್ತಿಗೆಯ ಮಾತು ನಮಗೂ ಕೇಳಿಸಿತು.

"ಇರಾದು ನಿಂದೊಂದೇ ಮುದ್ದೆ. ಯಾರಿಗೆ ಇಕ್ಕಂತೀಯೋ ಇಕ್ಕ."

ಚಿಕ್ಕವ್ವ ಎರಡು ತಟ್ಟೆ ತಂದಳು. ಚಿಕ್ಕ ತುಂಡು ನನಗೆ, ದೊಡ್ಡದು ಅವ್ವನಿಗೆ, ಮೇಲೆ ಅವರೆಕಾಳಿನ ಸಾರು. ತಾನು ಆಗಲೇ ಉಂಡೆ ಎಂದು ಹೇಳಿ ಎದುರಿಗೆ ಗೋಡೆಗೆ ಒರಗಿ ಕುಳಿತಳು. ಅವ್ವ ತಟ್ಟೆಯನ್ನು ನೋಡಿದಳು, ಅವಳ ಕಪ್ಪು ಬೆರಳುಗಳನ್ನು ನೋಡಿದಳು. ಬೇಡ ಎನ್ನುತ್ತಾಳೆ, ಇಬ್ಬರೂ ಹಂಚಿಕೊಳ್ಳೋಣ ಎನ್ನುತ್ತಾಳೆ ಎಂದು ನಾನು ಕಾದೆ. ಅವ್ವ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನಿಧಾನವಾಗಿ ಉಣ್ಣತೊಡಗಿದಳು. ಕೂಸಿಗೆ ಉಣ್ಣಿಸುವವರು ನೋಡುವ ಹಾಗೆ ಚಿಕ್ಕವ್ವ ಅವಳ ಒಂದೊಂದು ತುತ್ತನ್ನೂ ನೋಡುತ್ತಿದ್ದಳು. ಅವ್ವ ತಟ್ಟೆಯಲ್ಲಿ ಏನನ್ನೂ ಬಿಡದೆ ಉಂಡಳು.